ಖಂಡೇಪೂಜೆಯ ಪ್ರಸಾದ, ಬನ್ನಿಯ ಎಲೆ ಮತ್ತು ‘ಪ್ರತ್ಯೇಕವಾಗಿರಿ’ ಎಂಬ ಮಾತು

ಪ್ರಶ್ನೆ: ಬೆಟಗೇರಿಯವನು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನಮ್ಮದು ಬೆಟಗೇರಿಯ ಹಳೆಯ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಮನೆತನ. ನಾನು ಆರು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಚಿಕ್ಕ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿರುವ ಇಪ್ಪತ್ತೆರಡು ಜನರಲ್ಲಿ ಕ್ರೈಸ್ತನು ನಾನೊಬ್ಬನೇ.

ಪ್ರತಿ ವರ್ಷ ಖಂಡೇಪೂಜೆಯ (ಆಯುಧಪೂಜೆಯ) ದಿನ ಲೇಥ್ ಯಂತ್ರಗಳನ್ನು ತೊಳೆದೊರೆಸಿ, ಚೆಂಡುಹೂವಿನ ಮಾಲೆ ಹಾಕಿ, ಬೂದುಗುಂಬಳಕಾಯಿ ಒಡೆದ ಮೇಲೆ ಮಾಲೀಕರ ತಾಯಿಯವರು ಒಬ್ಬೊಬ್ಬರ ಕೈಗೂ ತೆಂಗಿನಕಾಯಿಯ ಹೋಳು ಮತ್ತು ಪೇಢೆ ಕೊಡುತ್ತಾರೆ. ಅವರನ್ನು ನಾವೆಲ್ಲರೂ ಅವ್ವಾರು ಎಂದೇ ಕರೆಯುತ್ತೇವೆ. ಐದು ವರ್ಷ ನಾನು ಅದನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡು, ಆಮೇಲೆ ಯಾರೂ ನೋಡದ ಹಾಗೆ ಗೇಟಿನ ಕಾವಲುಗಾರನಿಗೆ ಕೊಟ್ಟುಬಿಡುತ್ತಿದ್ದೆ. ಮರುದಿನ ಬನ್ನಿ ಹಂಚುವಾಗ ಮಾತ್ರ ಎಲ್ಲರೊಂದಿಗೆ ನಿಂತು ಎಲೆ ಕೊಟ್ಟು, ಎಲೆ ತೆಗೆದುಕೊಂಡು, ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು’ ಎನ್ನುತ್ತಿದ್ದೆ.

ಈ ಸಲ ಹಾಗೆ ಮಾಡಲಾಗಲಿಲ್ಲ. ಆಗಸ್ಟ್ ತಿಂಗಳಲ್ಲಿ ನಡೆದ ಉಜ್ಜೀವನ ಕೂಟದಲ್ಲಿ ಪ್ರಸಂಗಿಗಳು ಎರಡನೆಯ ಕೊರಿಂಥ ಪತ್ರಿಕೆಯ ಆರನೆಯ ಅಧ್ಯಾಯವನ್ನು ಹಿಡಿದು, ‘ಹೊರಟುಬಂದು ಪ್ರತ್ಯೇಕವಾಗಿರಿ’ ಎಂಬ ಒಂದೇ ಮಾತಿನ ಮೇಲೆ ಮೂರು ರಾತ್ರಿ ಬೋಧಿಸಿದರು. ಮೂರನೆಯ ರಾತ್ರಿ ಮುಂದೆ ಹೋಗಿ ಮೊಣಕಾಲೂರಿದವರಲ್ಲಿ ನಾನೂ ಒಬ್ಬ. ಅಂದೇ ಫೋನಿನಲ್ಲಿದ್ದ ಸಿನಿಮಾ ಹಾಡುಗಳನ್ನು ಅಳಿಸಿದೆ, ರೀಲ್ಸ್ ನೋಡುವುದನ್ನು ನಿಲ್ಲಿಸಿದೆ, ಗೆಳೆಯರೊಂದಿಗೆ ಶನಿವಾರ ರಾತ್ರಿ ಢಾಬಾಕ್ಕೆ ಹೋಗುವುದನ್ನು ಬಿಟ್ಟೆ. ಖಂಡೇಪೂಜೆಯ ದಿನ ಅವ್ವಾರು ತಟ್ಟೆ ಹಿಡಿದು ನನ್ನೆದುರು ಬಂದಾಗ ಕೈಯನ್ನು ಹಿಂದಕ್ಕೆಳೆದುಕೊಂಡು, ಎಲ್ಲರಿಗೂ ಕೇಳುವಂತೆ, ‘ನಾನು ಕ್ರೈಸ್ತ, ಇದನ್ನು ಮುಟ್ಟುವುದಿಲ್ಲ’ ಎಂದುಬಿಟ್ಟೆ. ಅವರು ಏನೂ ಅನ್ನದೆ ಮುಂದಿನವರ ಕಡೆಗೆ ಹೋದರು. ಮರುದಿನ ಬನ್ನಿಯ ಇಕ್ಕಟ್ಟೇ ಬೇಡವೆಂದು ರಜೆ ಹಾಕಿದೆ.

ಎರಡು ವರ್ಷದ ಹಿಂದೆ ನಮ್ಮ ತಂದೆಯವರಿಗೆ ಶಸ್ತ್ರಚಿಕಿತ್ಸೆಯಾದಾಗ ಹದಿನೈದು ದಿನ ಆಸ್ಪತ್ರೆಗೆ ರೊಟ್ಟಿ, ಪಲ್ಯದ ಡಬ್ಬಿ ಕಳುಹಿಸಿದವರು ಇದೇ ಅವ್ವಾರು. ಈಗ ಅವರು ಆಫೀಸಿಗೆ ಬಂದರೆ ಬೇಕಾದ ಕಾಗದ ಕೇಳಿ ಹೋಗುತ್ತಾರೆ, ‘ಅಪ್ಪಾರು ಹೆಂಗದಾರ?’ ಎಂದು ಕೇಳುವುದಿಲ್ಲ.

ನಾನು ಮಾಡಿದ್ದು ಸರಿಯೆಂದೇ ನನಗನಿಸುತ್ತದೆ, ಆದರೆ ಸರಿಯಾದ ಕೆಲಸ ಮಾಡಿದ ಸಮಾಧಾನ ಮಾತ್ರ ಇಲ್ಲ. ಲೋಕದಿಂದ ಪ್ರತ್ಯೇಕವಾಗಿ ಪರಿಶುದ್ಧ ಜೀವಿತ ನಡೆಸಬೇಕಾದ ಕ್ರೈಸ್ತನು ಪ್ರಸಾದದ ವಿಷಯದಲ್ಲಿ, ಬನ್ನಿಯ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕು? ಹಿರಿಯರು ವಾಕ್ಯದ ಆಧಾರದಿಂದ ತಿಳಿಸಿದರೆ ಉಪಕಾರವಾಗುತ್ತದೆ. ಜನವರಿಯಲ್ಲಿ ತಮ್ಮನ ಮದುವೆಯಿದ್ದು, ಎಂಟುನೂರು ಜನರ ಊಟ, ಕಲ್ಯಾಣ ಮಂಟಪ, ಹೆಣ್ಣಿನ ಕಡೆಯವರು ಕೊಡಲೊಪ್ಪಿರುವ ಕಾರಿನ ಬುಕ್ಕಿಂಗ್ ಇವುಗಳ ಓಡಾಟದಲ್ಲಿರುವುದರಿಂದ ನಾನು ಮರು ಉತ್ತರ ಬರೆಯುವುದು ತಡವಾದರೆ ಕ್ಷಮಿಸಿರಿ.

ಉತ್ತರ 1: ನಿವೃತ್ತ ಮಾಸ್ತರ, ಧಾರವಾಡ

ತಮ್ಮಾ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿನ್ನಂಥವರ ಪ್ರಶ್ನೆಗೆ ಅಪೊಸ್ತಲ ಪೌಲನು ಕ್ರಿ.ಶ. 55ರ ಸುಮಾರಿಗೇ ಉತ್ತರ ಬರೆದಿದ್ದಾನೆ. ಆದರೆ ಅದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅಲ್ಲ, ಮೊದಲನೆಯದರ ಎಂಟರಿಂದ ಹತ್ತನೆಯ ಅಧ್ಯಾಯಗಳಲ್ಲಿದೆ. ನಮ್ಮ ಪ್ರಸಂಗಿಗಳು ‘ಪ್ರತ್ಯೇಕವಾಗಿರಿ’ ಎಂಬ ಮಾತಿಗೆ ಹೋಗುವಷ್ಟು ಬೇಗ ಈ ಮೂರು ಅಧ್ಯಾಯಗಳಿಗೆ ಹೋಗುವುದಿಲ್ಲ, ಏಕೆಂದರೆ ಇಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದು ಏನೂ ಇಲ್ಲ.

ಕೊರಿಂಥ ಪಟ್ಟಣದಲ್ಲಿ ದೇವಾಲಯಕ್ಕೂ ಊಟಕ್ಕೂ ಬಿಡಿಸಲಾಗದ ನಂಟು ಇತ್ತು. ರೋಗ ವಾಸಿಮಾಡುವ ದೇವರೆಂದು ಗ್ರೀಕರು ಪೂಜಿಸುತ್ತಿದ್ದ ಅಸ್ಕ್ಲೇಪಿಯನ ಅಲ್ಲಿಯ ದೇವಾಲಯದ ಉತ್ಖನನದಲ್ಲಿ ಸಾಲು ಊಟದ ಕೋಣೆಗಳೇ ಸಿಕ್ಕಿವೆ. ಬಲಿಯಾದ ಪಶುವಿನ ಮಾಂಸ ಪೇಟೆಗೂ ಬರುತ್ತಿತ್ತು, ನೆರೆಯವರ ಮನೆಯ ಔತಣಕ್ಕೂ ಬರುತ್ತಿತ್ತು. ಇವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟದೆ ಪೌಲನು ಬಿಡಿಸಿ ನೋಡುತ್ತಾನೆ. ವಿಗ್ರಹದ ಮುಂದಿನ ಪಂಕ್ತಿಯಲ್ಲಿ ಆರಾಧನೆಯ ಭಾಗವಾಗಿ ಕುಳಿತು ಉಣ್ಣಬೇಡಿರಿ, ಏಕೆಂದರೆ ಕರ್ತನ ಪಂಕ್ತಿಯೂ ಆ ಪಂಕ್ತಿಯೂ ಒಟ್ಟಿಗೆ ನಡೆಯಲಾರವು ಎನ್ನುತ್ತಾನೆ. ಪೇಟೆಯಲ್ಲಿ ಮಾರುವುದನ್ನಾದರೋ ಎಲ್ಲಿಂದ ಬಂತೆಂದು ವಿಚಾರಿಸದೆ ತಿನ್ನಿರಿ ಎನ್ನುತ್ತಾನೆ. ನಂಬದವರು ಊಟಕ್ಕೆ ಕರೆದರೆ, ಹೋಗಬೇಕೆನಿಸಿದರೆ ಹೋಗಿ ಬಡಿಸಿದ್ದನ್ನು ಉಣ್ಣಿರಿ, ಆದರೆ ‘ಇದು ನೈವೇದ್ಯ ಮಾಡಿದ್ದು’ ಎಂದು ಒಬ್ಬನು ತಿಳಿಸಿದರೆ, ಹಾಗೆ ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ಬಿಟ್ಟುಬಿಡಿರಿ ಎಂದು ಮುಗಿಸುತ್ತಾನೆ. ಕೊನೆಯ ಮಾತನ್ನು ಗಮನಿಸು. ಬಿಡುವುದು ತಿಂಡಿ ಮೈಲಿಗೆಯೆಂದಲ್ಲ, ಇನ್ನೊಬ್ಬನ ಮನಸ್ಸಾಕ್ಷಿಯ ನಿಮಿತ್ತ. ವಿಗ್ರಹವು ಏನೂ ಅಲ್ಲವೆಂದು ಬಲ್ಲವನಿಗೆ ತಿಂಡಿಯಿಂದ ಕೇಡೂ ಇಲ್ಲ, ಲಾಭವೂ ಇಲ್ಲವೆಂದು ಎಂಟನೆಯ ಅಧ್ಯಾಯದಲ್ಲೇ ಹೇಳಿಯಾಗಿದೆ.

ಹಾಗಾದರೆ ಖಂಡೇಪೂಜೆಯ ತಟ್ಟೆಯಲ್ಲಿರುವುದು ಪ್ರಸಾದವೆಂದು ಬಹಿರಂಗವಾಗಿಯೇ ಹೇಳಿ ಕೊಡುವುದರಿಂದ ನೀನು ಅದನ್ನು ಬೇಡವೆಂದದ್ದು ವಾಕ್ಯಕ್ಕೆ ವಿರುದ್ಧವಲ್ಲ. ಐದು ವರ್ಷ ತೆಗೆದುಕೊಂಡು ಕಾವಲುಗಾರನಿಗೆ ದಾಟಿಸಿದ್ದೇ ನನಗೆ ಹೆಚ್ಚು ಬಾಧಕವಾಗಿ ಕಾಣುತ್ತದೆ. ಆದರೆ ‘ಮುಟ್ಟುವುದಿಲ್ಲ’ ಎಂಬ ಮಾತನ್ನು ನಮ್ಮ ನಾಡಿನಲ್ಲಿ ಆಡುವ ಮುಂಚೆ ಹತ್ತು ಸಲ ಯೋಚಿಸಬೇಕು. ಯಾರು ಯಾರಿಗೆ ಎಷ್ಟು ನೂರು ವರ್ಷ ಆ ಮಾತನ್ನು ಆಡಿದ್ದಾರೆಂಬುದು ನಿನಗೂ ಗೊತ್ತು, ಆ ಅಜ್ಜಿಗೂ ಗೊತ್ತು. ಪೂಜೆಯ ಹಿಂದಿನ ದಿನವೇ ಅವರಲ್ಲಿಗೆ ಹೋಗಿ, ‘ಅವ್ವಾರ, ನಾಳೆ ಪ್ರಸಾದ ತಗೊಳ್ಳಾಕ ನನಗ ಆಗೂದಿಲ್ರಿ, ತಪ್ಪು ತಿಳೀಬ್ಯಾಡ್ರಿ’ ಎಂದು ಒಬ್ಬರೇ ಇರುವಾಗ ಹೇಳಬಹುದಾಗಿತ್ತು. ಯಂತ್ರ ತೊಳೆಯುವ ಕೆಲಸದಲ್ಲಿ ಎಲ್ಲರಿಗಿಂತ ಮೊದಲು ತೋಳೇರಿಸಬಹುದಾಗಿತ್ತು. ಯಂತ್ರ ತೊಳೆಯುವುದು ಪೂಜೆಯಲ್ಲ.

ಬನ್ನಿಯ ವಿಷಯದಲ್ಲಿ ನಾನು ಗಟ್ಟಿಯಾಗಿ ಏನೂ ಹೇಳಲಾರೆ. ಮರಕ್ಕೆ ಪೂಜೆಯಾಗುತ್ತದೆ, ನಿಜ. ಆದರೆ ಜನ ಒಬ್ಬರಿಗೊಬ್ಬರು ಎಲೆ ಕೊಡುವಾಗ ಆಗುತ್ತಿರುವುದು ವರ್ಷದ ಮನಸ್ತಾಪ ಮರೆಯುವ ಕೆಲಸ. ನಮ್ಮ ತಂದೆಯವರು ತೆಗೆದುಕೊಳ್ಳುತ್ತಿದ್ದರು, ಚಿಕ್ಕಪ್ಪ ತೆಗೆದುಕೊಳ್ಳುತ್ತಿರಲಿಲ್ಲ; ಇಬ್ಬರೂ ಒಂದೇ ದೇವಾಲಯದ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದರು.

ಇನ್ನೊಂದು ಮಾತು. ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲೆ ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದ ಎರಡನೆಯ ವಚನ ಇರುತ್ತದೆ. ‘ಇಹಲೋಕದ ನಡವಳಿಕೆಯನ್ನು ಅನುಸರಿಸದೆ’ ಎಂದು ಆರಂಭವಾಗಿ ‘ಪರಲೋಕಭಾವದವರಾಗಿರಿ’ ಎನ್ನುವ ಹಳೆಯ ಅನುವಾದ ಕಿವಿಗೆ ಬಹಳ ಇಂಪಾಗಿದೆ, ನನಗೂ ಬಾಯಿಪಾಠವಿದೆ. ಆದರೆ ಗ್ರೀಕ್ ಮೂಲದಲ್ಲಿ ಪರಲೋಕ ಎಂಬ ಪದವಿಲ್ಲ. ಬೆಟ್ಟದ ಮೇಲೆ ಯೇಸುವಿನ ರೂಪ ಬದಲಾದದ್ದಕ್ಕೆ ಸುವಾರ್ತೆಯಲ್ಲಿ ಬಳಸಿರುವ ಕ್ರಿಯಾಪದವೇ ಅಲ್ಲಿಯೂ ಇದೆ, ರೂಪಾಂತರ ಹೊಂದಿರಿ ಎಂದರ್ಥ. ಇಹವನ್ನು ಬಿಟ್ಟು ಪರಕ್ಕೆ ಏರಿ ಕೂರುವವರಂತೆ ನಾವು ಆ ವಚನವನ್ನು ಓದುತ್ತೇವೆ. ಪೌಲನು ಹೇಳುವುದು ಇಲ್ಲಿದ್ದುಕೊಂಡೇ ಮನಸ್ಸು ಬದಲಾಗುವುದನ್ನು. ಯೋಹಾನನ ಹದಿನೇಳನೆಯ ಅಧ್ಯಾಯದಲ್ಲಿ ಕರ್ತನು ಪ್ರಾರ್ಥಿಸುವುದೂ ಅದನ್ನೇ. ಶಿಷ್ಯರನ್ನು ಲೋಕದಿಂದ ತೆಗೆದುಬಿಡು ಎಂದು ಆತನು ಕೇಳಲಿಲ್ಲ.

ಉತ್ತರ 2: ಸೀಯೋನಿನ ಯಾತ್ರಿಕ, ಬಳ್ಳಾರಿ

ಮಾಸ್ತರರ ವಿದ್ವತ್ತಿಗೆ ವಂದಿಸುತ್ತೇನೆ, ಆದರೆ ಬೆಟಗೇರಿಯ ಸಹೋದರರು ಮಾಡಿದ್ದನ್ನು ಇಷ್ಟು ತೂಗಿ ಅಳೆದು ಹಗುರಮಾಡುವುದು ನನಗೆ ಒಪ್ಪಿಗೆಯಿಲ್ಲ. ಬಹಿರಂಗವಾಗಿ ಒಮ್ಮೆ ‘ನಾನು ಕ್ರೈಸ್ತ’ ಎಂದು ಹೇಳಲು ಎಷ್ಟು ಧೈರ್ಯ ಬೇಕೆಂಬುದು ಕ್ರೈಸ್ತರೇ ತುಂಬಿರುವ ಓಣಿಯಲ್ಲಿ ಬೆಳೆದವರಿಗೆ ತಿಳಿಯುವುದಿಲ್ಲ. ನಾನು ಬೇರೆ ಮನೆತನದಿಂದ ನಂಬಿಕೆಗೆ ಬಂದವನು. ದೀಕ್ಷಾಸ್ನಾನದ ನಂತರ ನನ್ನ ತಾಯಿಯ ತಿಥಿಯ ಊಟಕ್ಕೆ ಕೂರಲಿಲ್ಲವೆಂದು ಅಣ್ಣಂದಿರು ಮೂರು ವರ್ಷ ಮಾತು ಬಿಟ್ಟರು. ಅಂದು ‘ಇರಲಿ, ಒಂದು ತುತ್ತಿನಿಂದ ಏನಾಗುತ್ತದೆ’ ಎಂದು ಕುಳಿತಿದ್ದರೆ ಇಂದು ಎಲ್ಲಿರುತ್ತಿದ್ದೆನೋ ಗೊತ್ತಿಲ್ಲ. ಗೆರೆ ತೆಳುವಾಗಿದ್ದರೆ ದಾಟುವುದು ಸುಲಭ.

ದಾನಿಯೇಲನ ಪುಸ್ತಕದ ಮೊದಲ ಅಧ್ಯಾಯವನ್ನು ಓದಿರಿ. ಬಾಬೆಲಿನ ಅರಮನೆಯಲ್ಲಿ ಅರಸನ ಭೋಜನದಿಂದಲೂ ದ್ರಾಕ್ಷಾರಸದಿಂದಲೂ ತನ್ನನ್ನು ಅಶುದ್ಧಮಾಡಿಕೊಳ್ಳಬಾರದೆಂದು ಅವನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡನು. ನಿಶ್ಚಯ ಮೊದಲು ಬಂತು, ತಟ್ಟೆ ಆಮೇಲೆ ಬಂತು. ನಮ್ಮ ಯೌವನಸ್ಥರು ತಟ್ಟೆ ಎದುರಿಗೆ ಬಂದ ಮೇಲೆ ಯೋಚಿಸಲು ಶುರುಮಾಡುತ್ತಾರೆ, ಅದಕ್ಕಾಗಿಯೇ ಬೀಳುತ್ತಾರೆ. ರೀಲ್ಸ್ ನಿಲ್ಲಿಸಿದ್ದು ಒಳ್ಳೆಯದಾಯಿತು. ನಾನು ರಾತ್ರಿ ಒಂಬತ್ತಕ್ಕೆ ಫೋನನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ, ಬೀಗದ ಕೈ ಹೆಂಡತಿಯ ಹತ್ತಿರ. ನಗುವವರು ನಗಲಿ.

ಬನ್ನಿಯೂ ಬೇಡ. ಮರವನ್ನು ಪೂಜಿಸಿ ಕಿತ್ತ ಎಲೆ ಅದು.

ಉತ್ತರ 3: ಬಲ್ಮಠದ ಹತ್ತಿರದವ, ಮಂಗಳೂರು

ಯಾತ್ರಿಕ ಸಹೋದರರು ದಾನಿಯೇಲನನ್ನು ಕರೆತಂದದ್ದು ಸರಿಯಾಯಿತು, ಆದರೆ ಅವನನ್ನು ಅರ್ಧ ಮಾತ್ರ ಕರೆತಂದಿದ್ದಾರೆ. ಅದೇ ದಾನಿಯೇಲನು ಬಾಬೆಲಿನ ಹೆಸರನ್ನು ಇಟ್ಟುಕೊಂಡನು, ಕಸ್ದೀಯರ (ಬಾಬೆಲಿನವರ) ಭಾಷೆಯನ್ನೂ ಸಾಹಿತ್ಯವನ್ನೂ ಕಲಿತನು, ತನ್ನ ಜನರನ್ನು ಸೆರೆಯೊಯ್ದ ಅರಸನ ಸರಕಾರದಲ್ಲಿ ಅಧಿಕಾರಿಯಾದನು. ಆ ಅಧ್ಯಾಯದಲ್ಲಿ ಗೆರೆ ಎಳೆದದ್ದು ಒಂದೇ ಕಡೆ, ಅದನ್ನೂ ಜಗಳವಿಲ್ಲದೆ: ಮೇಲಧಿಕಾರಿಯ ಹತ್ತಿರ ವಿನಯದಿಂದ ಅಪ್ಪಣೆ ಕೇಳಿದನು, ನಿಮಗೆ ತೊಂದರೆಯಾಗದಂತೆ ಹತ್ತು ದಿನ ಕಾಯಿಪಲ್ಯ ಕೊಟ್ಟು ಪರೀಕ್ಷಿಸಿ ನೋಡಿರಿ ಎಂದನು. ದಾನಿಯೇಲನ ಜೊತೆಗೆ ಸಿರಿಯಾದ ಸೇನಾಪತಿ ನಾಮಾನನನ್ನೂ ಓದಿಕೊಳ್ಳಬೇಕು. ಕುಷ್ಠ ವಾಸಿಯಾಗಿ ಇಸ್ರಾಯೇಲರ ದೇವರನ್ನು ನಂಬಿದ ಮೇಲೆ ಅವನು ಪ್ರವಾದಿ ಎಲೀಷನಿಗೆ, ನನ್ನ ಒಡೆಯನು ರಿಮ್ಮೋನನ ಗುಡಿಯಲ್ಲಿ ನನ್ನ ಕೈಯನ್ನು ಆತುಕೊಂಡು ಅಡ್ಡಬೀಳುವಾಗ ನಾನೂ ಬಾಗಬೇಕಾಗುತ್ತದೆ, ಅದನ್ನು ಕ್ಷಮಿಸಲಿ ಎಂದು ಕೇಳಿಕೊಂಡನು. ಎಲೀಷನು ಪ್ರಸಂಗ ಮಾಡಲಿಲ್ಲ, ಸಮಾಧಾನದಿಂದ ಹೋಗು ಎಂದಷ್ಟೇ ಹೇಳಿದನು. ಈ ಇಬ್ಬರೂ ಒಂದೇ ಸತ್ಯವೇದದಲ್ಲಿದ್ದಾರೆ.

ಬೆಟಗೇರಿಯವರು ‘ಹಳೆಯ ಬಾಸೆಲ್ ಮಿಶನ್ ಮನೆತನ’ ಎಂದು ಬರೆದದ್ದರಿಂದ ನಮ್ಮ ಪ್ರತ್ಯೇಕತೆಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕೆನಿಸುತ್ತದೆ. 1834ರಲ್ಲಿ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಿಮ್ಮ ಬೆಟಗೇರಿಯಲ್ಲಿ ಅವರ ಮಿಶನ್ ಠಾಣೆಗಳಾದವು. ನಮ್ಮ ಕರಾವಳಿಯಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರಲ್ಲಿ ಅನೇಕರ ಕುಲಕಸುಬು ಮೂರ್ತೆ, ಅಂದರೆ ತಾಳೆ, ತೆಂಗಿನ ಮರದಿಂದ ಶೇಂದಿ ಇಳಿಸುವುದು. ಗೇಣಿಯ ಭೂಮಿ ಭೂತಾರಾಧನೆಯ ಕಟ್ಟುಕಟ್ಟಳೆಗಳೊಂದಿಗೆ ಹೆಣೆದುಕೊಂಡಿತ್ತು. ದೀಕ್ಷಾಸ್ನಾನವಾದ ಮರುದಿನ ಮನೆಯೂ ಇಲ್ಲ, ಗದ್ದೆಯೂ ಇಲ್ಲ, ಹಳೆಯ ಕಸುಬಿಗೆ ಮರಳುವಂತೆಯೂ ಇಲ್ಲ. ಆ ಕಾಲದಲ್ಲಿ ಪ್ರತ್ಯೇಕವಾಗುವುದನ್ನು ಯಾರೂ ಪ್ರಸಂಗ ಕೇಳಿ ಆರಿಸಿಕೊಳ್ಳಬೇಕಾಗಿರಲಿಲ್ಲ, ಊರೇ ಪ್ರತ್ಯೇಕಿಸಿಬಿಡುತ್ತಿತ್ತು. ಹೀಗೆ ಬಂದವರ ಹೊಟ್ಟೆಪಾಡಿಗೆಂದೇ 1851ರಲ್ಲಿ ಅದೇ ಮಿಶನ್ನಿನ ಹಾಲರ್ ಮಂಗಳೂರಿನ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ಕರ್ನಾಟಕದ ಮಾಡುಗಳ ಮೇಲೆ ಇಂದಿಗೂ ಕಾಣುವ ಮಂಗಳೂರು ಹೆಂಚಿನ ಹಿಂದೆ, ಕಸುಬು ಕಳೆದುಕೊಂಡ ಈ ಜನರಿಗೆ ಅನ್ನದ ದಾರಿ ಹುಡುಕಿದ ಪ್ರಯತ್ನವೂ ಇದೆ.

ಆದರೆ ಕಾರ್ಖಾನೆಯ ಸುತ್ತ ಕಾಂಪೌಂಡ್ ಬೆಳೆಯಿತು, ಕಾಂಪೌಂಡಿನ ಒಳಗೆ ಇನ್ನೊಂದು ಲೋಕ ಬೆಳೆಯಿತು. ಯಾರ ಮನೆ ದೇವಾಲಯಕ್ಕೆ ಹತ್ತಿರ, ಯಾರ ಅಜ್ಜ ಮೊದಲು ಸಭೆಗೆ ಸೇರಿದವನು, ಯಾವ ಮನೆತನದವರು ಮತಾಂತರದ ಮುಂಚೆ ಯಾವ ಜಾತಿಯವರಾಗಿದ್ದರು ಎಂಬ ಲೆಕ್ಕಾಚಾರ ನಮ್ಮ ಮದುವೆ ಮಾತುಕತೆಗಳಲ್ಲಿ ಈಗಲೂ ಸದ್ದಿಲ್ಲದೆ ನಡೆಯುತ್ತದೆ. ಗೋಡೆಯ ಹೊರಗಿನ ಬನ್ನಿಮರ ನಮ್ಮನ್ನು ಮುಟ್ಟದ ಹಾಗೆ ನೋಡಿಕೊಂಡೆವು. ಜಾತಿ ಮಾತ್ರ ನಮ್ಮೊಂದಿಗೆ ಗೇಟಿನೊಳಗೆ ಬಂದು ಬೆಂಚಿನ ಮೇಲೆ ಕುಳಿತುಕೊಂಡಿತು.

ಇನ್ನೊಂದು ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. ಪಂಡಿತಾ ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ನಮ್ಮದೇ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಅವರು ಸಸ್ಯಾಹಾರ ಬಿಡಲಿಲ್ಲ, ಸೀರೆ ಬಿಡಲಿಲ್ಲ, ಶಿಲುಬೆಯ ಮೇಲೆ ಲ್ಯಾಟಿನ್ ಬರಹವೇ ಏಕಿರಬೇಕು, ಸಂಸ್ಕೃತ ಏಕಿರಬಾರದು ಎಂದು ತಮಗೆ ಕಲಿಸುತ್ತಿದ್ದವರನ್ನೇ ಕೇಳಿದರು. ಅದೇ ವ್ಯಕ್ತಿ ವಿಧವೆಯರನ್ನೂ ಬರಗಾಲದ ಅನಾಥ ಹುಡುಗಿಯರನ್ನೂ ಪುಣೆಯ ಹತ್ತಿರದ ಕೇಡಗಾಂವಿನ ಮುಕ್ತಿ ಸದನಕ್ಕೆ ಕರೆತಂದು ಸಾಕಿದರು. ಯಾವುದರಿಂದ ಪ್ರತ್ಯೇಕವಾಗಬೇಕು, ಯಾವುದರಿಂದ ಬೇಕಾಗಿಲ್ಲ ಎಂಬುದನ್ನು ಅವರು ಪಶ್ಚಿಮದವರಿಗೂ ಬಿಟ್ಟುಕೊಡಲಿಲ್ಲ, ಇಲ್ಲಿಯವರಿಗೂ ಬಿಟ್ಟುಕೊಡಲಿಲ್ಲ. ವಿಧವೆಯರ ತಲೆ ಬೋಳಿಸುವ ಪದ್ಧತಿಯಿಂದ ಪ್ರತ್ಯೇಕವಾದರು, ಊಟದ ಪದ್ಧತಿಯಿಂದ ಅಲ್ಲ.

ಉತ್ತರ 4: ಸಭಾಪಾಲಕರ ಮಗಳು

ಮೂವರೂ ಹಿರಿಯರು ಪ್ರಸಾದದ ಬಗ್ಗೆ ಇಷ್ಟು ಬರೆದರು, ಕಾರಿನ ಬಗ್ಗೆ ಒಬ್ಬರೂ ಕೇಳಲಿಲ್ಲವಲ್ಲ.

ಅಣ್ಣಾ, ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವನ್ನು ನೀವೇ ಮತ್ತೊಮ್ಮೆ ಓದಿರಿ. ಒಂದು ಪೇಢೆಯ ವಿಷಯದಲ್ಲಿ ನಿಮ್ಮ ಮನಸ್ಸಾಕ್ಷಿ ನಿಮ್ಮನ್ನು ನಿದ್ದೆಗೆಡಿಸುತ್ತಿದೆ. ಹೆಣ್ಣಿನ ಕಡೆಯವರು ‘ಕೊಡಲೊಪ್ಪಿರುವ’ ಕಾರು ಮಾತ್ರ, ಉತ್ತರ ಬರೆಯುವುದು ತಡವಾಗಲು ಕಾರಣವೆಂದು ಒಂದು ಮೂಲೆಯಲ್ಲಿ ಬಂದು ಹೋಗಿದೆ. ಒಪ್ಪುವ ಮಾತು ಎಲ್ಲಿಂದ ಬಂತು? ಯಾರೂ ಕೇಳದೆ ಒಬ್ಬರು ಒಪ್ಪುವುದಿಲ್ಲ.

ನಾನು ಬೆಳೆದ ಸಭೆಯಲ್ಲಿ ಹೆಂಗಸರು ಬಂಗಾರ ಹಾಕುತ್ತಿರಲಿಲ್ಲ, ಯಾರೂ ಸಿನಿಮಾ ನೋಡುತ್ತಿರಲಿಲ್ಲ, ನಮ್ಮ ಮನೆಯಲ್ಲಿ ನನ್ನ ಹದಿನೆಂಟನೆಯ ವಯಸ್ಸಿನವರೆಗೆ ಟಿವಿ ಇರಲಿಲ್ಲ. ಆ ಶಿಸ್ತನ್ನು ನಾನು ಹೀಯಾಳಿಸುವುದಿಲ್ಲ. ಬೆಳಗಿನ ಐದು ಗಂಟೆಯ ಪ್ರಾರ್ಥನೆಯೂ, ಬಾಯಿಪಾಠವಾಗಿರುವ ಕೀರ್ತನೆಗಳೂ ಅಲ್ಲಿಂದಲೇ ನನಗೆ ಬಂದವು. ಆದರೆ ಕೊರಳಲ್ಲಿ ಒಂದೆಳೆ ಸರವೂ ಇಲ್ಲದ ಬಿಳಿ ಸೀರೆಯ ತಾಯಂದಿರೇ ಒಳಗಿನ ಕೋಣೆಯಲ್ಲಿ ಕುಳಿತು, ‘ಹಾಕಿಕೊಳ್ಳುವುದಕ್ಕಲ್ಲ, ಬ್ಯಾಂಕಿನಲ್ಲಿಡುವುದಕ್ಕೆ’ ಎಂದು ಸೊಸೆಯ ಬಂಗಾರದ ತೊಲೆ ಲೆಕ್ಕ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಅಕ್ಕನ ಮದುವೆಗೆ ನನ್ನ ತಂದೆ ಮಾಡಿದ ಸಾಲ ಅವರ ನಿವೃತ್ತಿಯ ತನಕ ತೀರಲಿಲ್ಲ. ಸಾಲ ಮಾಡಿಸಿದ ಮನೆಯವರೂ ಪ್ರತಿ ವಾರ ಉಪವಾಸ ಕೂಟಕ್ಕೆ ತಪ್ಪದೆ ಬರುತ್ತಿದ್ದರು.

ಯೋಹಾನನ ಮೊದಲನೆಯ ಪತ್ರಿಕೆಯಲ್ಲಿ ಲೋಕವೆಂದರೇನೆಂದು ಬಿಡಿಸಿ ಹೇಳುವಾಗ ನಮ್ಮ ಹಳೆಯ ಕನ್ನಡ ಅನುವಾದದಲ್ಲಿ ಬಹಳ ಚೆನ್ನಾದ ಮಾತುಗಳಿವೆ: ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬ. ಮೊದಲ ಎರಡರ ಮೇಲೆ ವರ್ಷಕ್ಕೆ ನಲವತ್ತು ಪ್ರಸಂಗ ಕೇಳುತ್ತೇವೆ. ಮೂರನೆಯದರ ಮೇಲೆ ನಾನು ಕೇಳಿದ್ದು ನೆನಪಿಲ್ಲ, ಏಕೆಂದರೆ ಡಂಬದ ಮದುವೆಯ ಮೊದಲ ಸಾಲಿನ ಕುರ್ಚಿಯಲ್ಲಿ ಪ್ರಸಂಗಿಗಳೂ ಕುಳಿತಿರುತ್ತಾರೆ. ನನ್ನ ತಂದೆಯೂ ಕುಳಿತಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ.

ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವು, ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು ಎಂದು ದೇವರು ಹೇಳುವುದರಿಂದ ಆರಂಭವಾಗುತ್ತದೆ. ವಿಗ್ರಹಗಳ ಕಡೆಗೆ ತಿರುಗಬಾರದೆಂಬ ಮಾತು ಅಲ್ಲಿ ಖಂಡಿತವಾಗಿಯೂ ಇದೆ. ಅದರ ಬೆನ್ನಿಗೇ ಏನೇನು ಬರುತ್ತದೆಂದು ನೋಡಿರಿ. ಹೊಲ ಕೊಯ್ಯುವಾಗ ಅಂಚಿನ ತೆನೆಯನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು; ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದು; ಕಿವುಡನನ್ನು ಬೈಯಬಾರದು; ಕುರುಡನ ದಾರಿಯಲ್ಲಿ ಅಡ್ಡಿ ಇಡಬಾರದು; ತಕ್ಕಡಿಯೂ ತೂಕದ ಕಲ್ಲೂ ನ್ಯಾಯವಾಗಿರಬೇಕು. ನೀವು ಕಾರ್ಖಾನೆಯ ಲೆಕ್ಕಪತ್ರ ನೋಡುವವರು. ದಸರಾ ಬೋನಸ್ಸಿನ ಪಟ್ಟಿ ನಿಮ್ಮ ಕೈಯಿಂದಲೇ ಹೋಗುತ್ತದೆ. ಗುತ್ತಿಗೆಯ ಹುಡುಗರಿಗೆ ಎಷ್ಟು ಬಂತು, ಯಾವ ತಾರೀಖಿಗೆ ಬಂತು, ಬಿಲ್ಲಿನಲ್ಲಿ ಬರೆದದ್ದೂ ಲಾರಿಯಲ್ಲಿ ಹೋದದ್ದೂ ಒಂದೇ ಆಗಿತ್ತೇ ಎಂಬುದು ನಿಮಗೆ ಮಾತ್ರ ಗೊತ್ತು. ನೀವು ತಪ್ಪು ಮಾಡಿದ್ದೀರೆಂದು ಹೇಳುತ್ತಿಲ್ಲ, ನನಗೆ ನಿಮ್ಮ ಪರಿಚಯವೇ ಇಲ್ಲ. ಆ ಅಧ್ಯಾಯದ ಪ್ರಕಾರ ನಿಮ್ಮ ಮೇಜು ಲೇಥಿನ ಮುಂದಿನ ತಟ್ಟೆಗಿಂತ ಪರಿಶುದ್ಧತೆಗೆ ಹತ್ತಿರದ ಜಾಗ ಎಂದಷ್ಟೇ ಹೇಳುತ್ತಿದ್ದೇನೆ.

ಕಾರಿನ ವಿಷಯ ಕಾನೂನಿನಲ್ಲಿಯೂ ಇದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕ್ರೈಸ್ತರಿಗೂ ಅನ್ವಯಿಸುತ್ತದೆ, ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಪರಾಧ. ‘ಅವರೇ ಇಷ್ಟಪಟ್ಟು ಕೊಡುತ್ತಿದ್ದಾರೆ’ ಎಂಬ ಉತ್ತರ ನಿಮ್ಮ ಮನೆಯಲ್ಲಿ ಈಗಾಗಲೇ ತಯಾರಾಗಿರುತ್ತದೆ. ಹೆಣ್ಣಿನ ತಂದೆ ಯಾವ ಬ್ಯಾಂಕಿನಿಂದ, ಯಾವ ಹೊಲದ ಮೇಲೆ ಇಷ್ಟಪಡುತ್ತಿದ್ದಾರೆಂದು ಒಮ್ಮೆ ವಿಚಾರಿಸಿರಿ.

ಉತ್ತರ 5: ಸೀಯೋನಿನ ಯಾತ್ರಿಕ, ಬಳ್ಳಾರಿ

ಸಹೋದರಿಯವರ ಮಾತು ಕಟುವಾಗಿದೆ, ಆದರೆ ನಾನು ಇಲ್ಲ ಎನ್ನಲಾರೆ. ನನ್ನ ಮದುವೆಯಲ್ಲಿ ಏನೂ ತೆಗೆದುಕೊಳ್ಳಲಿಲ್ಲ, ಆದರೆ ನನ್ನ ಸಭೆಯಲ್ಲಿ ತೆಗೆದುಕೊಂಡವರ ಮದುವೆಯ ಊಟವನ್ನು ಎಷ್ಟೋ ಸಲ ಉಂಡಿದ್ದೇನೆ. ಅದು ಯಾವ ಪಂಕ್ತಿ ಎಂದು ಆಗ ಯೋಚಿಸಲಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು. ಒಳಗಿನ ಪರಿಶುದ್ಧತೆಯೇ ಮುಖ್ಯವೆಂದು ಹೇಳುತ್ತ ಹೇಳುತ್ತ ಹೊರಗಿನ ಗೆರೆಯನ್ನು ಅಳಿಸಿಕೊಂಡವರು ಎರಡನೆಯ ತಲೆಮಾರಿಗೆ ಒಳಗಿನದನ್ನೂ ಉಳಿಸಿಕೊಳ್ಳುವುದಿಲ್ಲ. ಇದು ನಾನು ಕಂಡದ್ದು. ಯಾಕೋಬನು ತನ್ನ ಪತ್ರಿಕೆಯ ಮೊದಲ ಅಧ್ಯಾಯದ ಕೊನೆಯಲ್ಲಿ ನಿರ್ಮಲವಾದ ಭಕ್ತಿ ಯಾವುದೆಂದು ಹೇಳುವಾಗ ಅನಾಥರನ್ನೂ ವಿಧವೆಯರನ್ನೂ ಪರಾಮರಿಸುವುದನ್ನೂ, ಲೋಕದ ಕಲೆ ಹತ್ತದಂತೆ ತನ್ನನ್ನು ಕಾಪಾಡಿಕೊಳ್ಳುವುದನ್ನೂ ಒಂದೇ ವಚನದಲ್ಲಿ ಇಟ್ಟಿದ್ದಾನೆ. ಆದ್ದರಿಂದ ಕಾರೂ ಬೇಡ, ಪ್ರಸಾದವೂ ಬೇಡ. ಬನ್ನಿಯನ್ನು ಮಾಸ್ತರರಿಗೆ ಬಿಟ್ಟುಕೊಡುತ್ತೇನೆ.

ಬೆಟಗೇರಿಯವನು (ಮರು ಉತ್ತರ, ಎರಡು ವಾರದ ನಂತರ)

ಎಲ್ಲರಿಗೂ ಮತ್ತೊಮ್ಮೆ ವಂದನೆಗಳು. ನಾಲ್ಕನೆಯ ಉತ್ತರವನ್ನು ಓದಿದ ದಿನ ಸಿಟ್ಟಿನಿಂದ ಫೋನ್ ಕೆಳಗಿಟ್ಟೆ, ಮೂರು ದಿನ ಈ ಕಡೆ ಬರಲಿಲ್ಲ. ಆ ಸಹೋದರಿಯವರಲ್ಲಿ ಕ್ಷಮೆ ಕೇಳುತ್ತೇನೆ.

ಕಳೆದ ಶನಿವಾರ ಸಂಜೆ ತಾಯಿಯವರನ್ನು ಕರೆದುಕೊಂಡು ಅವ್ವಾರ ಮನೆಗೆ ಹೋಗಿದ್ದೆ. ಮಾಸ್ತರರು ಹೇಳಿದ ಹಾಗೆ, ಪ್ರಸಾದ ತೆಗೆದುಕೊಳ್ಳಲು ನನ್ನ ನಂಬಿಕೆಯಲ್ಲಿ ಆಗುವುದಿಲ್ಲ, ಆದರೆ ಎಲ್ಲರ ಮುಂದೆ ಕೈಯೆಳೆದುಕೊಂಡು ಮುಟ್ಟುವುದಿಲ್ಲವೆಂದದ್ದು ತಪ್ಪಾಯಿತು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಲ್ಲೆ ಅಂದದ್ದಕ್ಕ ನನಗ ಸಿಟ್ಟಿಲ್ಲಪಾ. ಐದು ವರ್ಷ ನನ್ನ ಕೈಯಾಗಿಂದ ತಗೊಂಡು ಗೇಟಿನಾಂವಗ ಕೊಡ್ತಿದ್ದಿ, ಅದು ನನಗ ಗೊತ್ತಿತ್ತು’ ಎಂದರು. ನನ್ನ ತಾಯಿಯವರಿಗೆ ಅದು ಗೊತ್ತಿರಲಿಲ್ಲ. ಅವರು ನನ್ನ ಮುಖ ನೋಡಿದರು. ಆಮೇಲೆ ಅವ್ವಾರು ಚಹಾ ಮಾಡಿಸಿ, ಡಬ್ಬಿಯಿಂದ ಅವಲಕ್ಕಿ ಚೂಡಾ ತೆಗೆದು ತಟ್ಟೆಯಲ್ಲಿ ಹಾಕಿ, ‘ಇದು ಎಲ್ಲೂ ಇಟ್ಟಿದ್ದಲ್ಲ, ಈಗ ಕರದದ್ದು’ ಎಂದು ಮುಂದಿಟ್ಟರು. ತಿಂದೆವು.

ಬೋನಸ್ಸಿನ ಪಟ್ಟಿಯನ್ನೂ ತೆಗೆದು ನೋಡಿದೆ. ಅದರ ಬಗ್ಗೆ ಇಲ್ಲಿ ಬರೆಯುವುದು ಸರಿಯಲ್ಲ. ಮಾಲೀಕರೊಂದಿಗೆ ಮಾತನಾಡಬೇಕಾದ ಎರಡು ಸಾಲುಗಳು ಅದರಲ್ಲಿವೆ.

ಕಾರಿನ ವಿಷಯ ಮನೆಯಲ್ಲಿ ತೆಗೆದಾಗ ತಮ್ಮನು, ‘ಉಜ್ಜೀವನ ಕೂಟಕ್ಕೆ ಹೋಗಿ ಬಂದು ನನ್ನ ಮದುವೆ ಕೆಡಿಸುತ್ತೀಯಾ?’ ಎಂದನು. ತಂದೆಯವರು ಏನೂ ಮಾತನಾಡಲಿಲ್ಲ. ಮುಂಗಡ ಇಪ್ಪತ್ತೈದು ಸಾವಿರ ಈಗಾಗಲೇ ಕಟ್ಟಿಯಾಗಿದೆ, ಕಟ್ಟಿದವರು ಹುಡುಗಿಯ ತಂದೆ. ಬರುವ ಶನಿವಾರ ಸೋದರಮಾವನೊಂದಿಗೆ ಅವರ ಊರಿಗೆ ಹೋಗುತ್ತಿದ್ದೇನೆ, ತಮ್ಮನು ಬರುವುದಿಲ್ಲವೆಂದಿದ್ದಾನೆ. ದೇವಾಲಯದಲ್ಲಿ ಮದುವೆಯ ಪ್ರಕಟಣೆ ಓದುವುದು ಡಿಸೆಂಬರ್ ಮೊದಲ ರವಿವಾರದಿಂದ.